ಹಾಲ್ಟಿಂಗ್ ಬಸ್ಸಿನ ಊಟದ ಸರದಿ

ನಮ್ಮ ಡ್ರೈವರಣ್ಣ ತೀರಿಕೊಂಡ ಸುದ್ದಿ ಬಂದಾಗ ನಾನು ಆಲೂರು ಬಸ್ ನಿಲ್ದಾಣದಲ್ಲಿ ಬೆಳಗಿನ ತಿಂಡಿ ತಿನ್ನುತ್ತಿದ್ದೆ. ಹೊತ್ತು ಹನ್ನೊಂದೂವರೆ. ಹನ್ನೊಂದೂವರೆಗೆ ತಿನ್ನುವುದನ್ನೂ ಬೆಳಗಿನ ತಿಂಡಿ ಅಂತ ಕರೆಯುವವರು ಬಸ್ಸಿನವರು ಮಾತ್ರ. ಫೋನಿನಲ್ಲಿ ಅವರ ಭಾವಮೈದ ಹೇಳಿದ್ದು ಎರಡೇ ಮಾತು. "ಬೆಳಗಿನ ಜಾವ ಎದೆ ಹಿಡ್ಕೊಂತು. ಹೋಗ್ಬುಟ್ರು." ನಾನು ತಟ್ಟೆ ಬಿಟ್ಟು ಎದ್ದೆ. ಆಮೇಲೆ ಹೊಟ್ಟೆ ಚುರುಗುಟ್ಟಿ, ನಾಚಿಕೆ ಬಿಟ್ಟು ಮತ್ತೆ ಕೂತು ಉಳಿದ ಇಡ್ಲಿ ತಿಂದೆ. ಅವರಿದ್ದಿದ್ದರೆ ಅದನ್ನೇ ಹೇಳುತ್ತಿದ್ದರು. "ತಿನ್ನೋ ಮಾರಾಯ, ಮುಂದಿನ ಟ್ರಿಪ್ಪಲ್ಲಿ ಸಿಕ್ತದೋ ಇಲ್ವೋ."

ಹನ್ನೊಂದು ವರ್ಷ ನಾನು ಅವರ ಬಸ್ಸಿನ ಕಂಡಕ್ಟರ್. ಸಂಜೆ ಏಳೂಕಾಲಿಗೆ ಸಕಲೇಶಪುರ ಬಿಟ್ಟು, ಹಾನುಬಾಳು ದಾಟಿ, ಕಾಫಿ ತೋಟಗಳ ನಡುವೆ ಸುತ್ತಿ ಸುತ್ತಿ ಒಂಬತ್ತೂವರೆ ಹೊತ್ತಿಗೆ ಒಂದು ಊರು ಸೇರುವ ಬಸ್ಸು ಅದು. ರಾತ್ರಿ ಅಲ್ಲೇ ತಂಗಿ ಬೆಳಿಗ್ಗೆ ಆರಕ್ಕೆ ಹೊರಡಬೇಕು. ಊರವರ ಬಾಯಲ್ಲಿ ಅದು ಹಾಲ್ಟಿಂಗ್ ಬಸ್ಸು. ವಾರಕ್ಕೆ ನಾಲ್ಕು ರಾತ್ರಿ ನಮ್ಮಿಬ್ಬರ ಹಾಸಿಗೆ ಆ ಊರಿನ ಹಾಲಿನ ಡೇರಿಯ ಜಗಲಿಯ ಮೇಲೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿಯವರು ನನ್ನನ್ನು ಊಟಕ್ಕೆ ಕರೆದು ಜಗಳ ತೆಗೆಯುತ್ತಾರೆ.

ಅಣ್ಣ ಆಲೂರು ಕಡೆಯ ಒಕ್ಕಲುತನದ ಮನೆಯವರು, ದಪ್ಪ ಆಳು, ಸಣ್ಣ ದನಿ. ಚಪ್ಪಲಿ ಕಳಚಿ ಸೀಟಿನ ಕೆಳಗಿಟ್ಟು ಬರಿಗಾಲಲ್ಲೇ ಕ್ಲಚ್ಚು ತುಳಿಯುತ್ತಿದ್ದರು. ಬೇಸಿಗೆಯಿರಲಿ ಚಳಿಯಿರಲಿ ಹೆಗಲ ಮೇಲೊಂದು ಒದ್ದೆ ಟವೆಲ್. ಸಕಲೇಶಪುರದಲ್ಲಿ ನಾನು ವಿಸಿಲ್ ಹೊಡೆದರೂ ಕನ್ನಡಿಯಲ್ಲಿ ಒಮ್ಮೆ ಬಸ್ಸಿನೊಳಗೆಲ್ಲ ಕಣ್ಣಾಡಿಸಿ, ದಿನಾ ಬರುವವರಲ್ಲಿ ಯಾರು ಬಂದಿಲ್ಲ ಅಂತ ಲೆಕ್ಕ ಹಾಕುವರು. "ತಡಿಯೋ, ಆ ಲೈನಿನ ಹುಡುಗಿ ಬಂದಿಲ್ಲ." ಎಸ್ಟೇಟಿನ ಕೂಲಿಯವರ ಮನೆಸಾಲಿಗೆ ನಮ್ಮಲ್ಲಿ ಲೈನ್ ಅನ್ನುತ್ತಾರೆ. ಆ ಸಾಲಿನಿಂದ ಒಬ್ಬಳು ಹುಡುಗಿ ಪಟ್ಟಣಕ್ಕೆ ನರ್ಸಿಂಗ್ ಓದಲು ಬರುತ್ತಿದ್ದಳು. ಅವಳು ಓಡಿ ಬಂದು ಹತ್ತುವವರೆಗೆ ಅಣ್ಣ ಬಸ್ಸು ಎತ್ತುತ್ತಿರಲಿಲ್ಲ. ಮೇಲಿನವರು ಕೇಳಿದರೆ ಗೇರು ಬೀಳಲಿಲ್ಲ ಅನ್ನುತ್ತಿದ್ದರು.

ಇಂಥ ಮನುಷ್ಯನಿಗೆ ಬಾರದ ಪದ ಒಂದೇ: ಬೇಡ.

ಆ ಊರಿಗೆ ಬಸ್ಸು ಸುಲಭಕ್ಕೆ ಬಂದದ್ದಲ್ಲ. ಹಿಂದೊಮ್ಮೆ ಬರುತ್ತಿದ್ದ ಬಸ್ಸು, ತಂಗುವವರಿಗೆ ಊಟಕ್ಕೆ ಗತಿಯಿಲ್ಲ ಎಂದು ನಿಂತೇ ಹೋಗಿತ್ತಂತೆ. ಮತ್ತೆ ಅರ್ಜಿ ಹಿಡಿದು ಅಲೆದು ಬಸ್ಸು ತರಿಸಿದ ಮೇಲೆ ಊರಿನ ಹಿರಿಯ ಗೌಡರು ಹದಿನಾಲ್ಕು ಮನೆಗೆ ಸರದಿ ಹಾಕಿದರು. ದಿನಕ್ಕೊಂದು ಮನೆಯಿಂದ ಡ್ರೈವರ್ ಕಂಡಕ್ಟರಿಗೆ ಬಿಸಿನೀರು, ಊಟ. ಊರ ಕೆಳಗಿನ ತಿರುವಿನಲ್ಲಿ ಅಣ್ಣ ಎರಡು ಸಲ ಹಾರನ್ ಹೊಡೆದರೆ ಸರದಿ ಮನೆಯವರು ಸಾರಿಗೆ ಒಗ್ಗರಣೆ ಹಾಕುವರು. ನಾವು ಮುಖ ತೊಳೆದು ತಟ್ಟೆಯ ಮುಂದೆ ಕೂರುವಾಗ ಹತ್ತಾಗಿರುತ್ತಿತ್ತು. ಹತ್ತೂವರೆಗೆ ಊಟ ಮುಗಿದರೆ ಹನ್ನೊಂದಕ್ಕೆ ನಿದ್ದೆ. ಬೆಳಿಗ್ಗೆ ಬರಿಯ ಕರಿಕಾಫಿ ಕುಡಿದು ಹೊರಟರೆ ಹೊಟ್ಟೆಗೆ ಏನಾದರೂ ಬೀಳುವುದು ಹನ್ನೊಂದರ ಮೇಲೆ.

ಊಟವೆಂದರೆ ಅಂತಿಂಥ ಊಟವಲ್ಲ. ಒಂದು ಮನೆಯಲ್ಲಿ ಕಡುಬು, ನಾಟಿಕೋಳಿ ಸಾರು. ಇನ್ನೊಂದರಲ್ಲಿ ಅಕ್ಕಿರೊಟ್ಟಿ, ಹಂದಿ ಮಾಂಸ. ಬಿದಿರು ಚಿಗುರುವ ಕಾಲದಲ್ಲಿ ಕಳಲೆ, ಏಡಿಯ ಕಾಲದಲ್ಲಿ ಏಡಿ. ನಿನ್ನೆಯ ಮನೆಯವರು ಏನು ಮಾಡಿದ್ದರೆಂದು ಇವತ್ತಿನ ಮನೆಯವರಿಗೆ ಮಧ್ಯಾಹ್ನದೊಳಗೇ ಗೊತ್ತಾಗಿರುತ್ತಿತ್ತು, ಅದಕ್ಕಿಂತ ಒಂದು ಕೈ ಮೇಲೇ ಆಗಬೇಕು. ಅಣ್ಣ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂರುವರು. ಬಡಿಸುವ ಹೆಂಗಸು ಬೆರಳ ಸಂದಿಯಿಂದಲೇ ಕಡುಬು ಜಾರಿಸುವಳು. ಅಣ್ಣ ಕೈ ನೆಕ್ಕಿಕೊಂಡು ನಗುವರು. ನನಗೆ ಆಗ ಅದೆಲ್ಲ ತಮಾಷೆ. ಎಂಥ ರೂಟು ಸಿಕ್ಕಿತು ನಮಗೆ ಅಂತ ಬೇರೆ ಕಂಡಕ್ಟರುಗಳ ಮುಂದೆ ಜಂಭ ಕೊಚ್ಚಿಕೊಂಡದ್ದೂ ಉಂಟು.

ಒಂದು ಬೆಳಿಗ್ಗೆ ಹಾನುಬಾಳಿಗೆ ಬರುವ ಮೊದಲು ಬಸ್ಸು ಮೆಲ್ಲಗಾಯಿತು. ಅಣ್ಣ ಅದನ್ನು ರಸ್ತೆಯ ಬದಿಗೆ ಒತ್ತಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಆರಿಸಿ ಕೆಳಗಿಳಿದರು. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟರು. ಆಮೇಲೆ ಮೋರಿಯ ಕಟ್ಟೆಯ ಮೇಲೆ ಕೂತು, "ಯಾಕೋ ಎದೆ ಮ್ಯಾಲೆ ಯಾರೋ ಕೂತಂಗೈತೆ ಕಣೋ," ಅಂದರು. ಮುಖವೆಲ್ಲ ಬೆವರು. ಯಾರದೋ ಜೀಪಿನಲ್ಲಿ ಸಕಲೇಶಪುರ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹಾಸನ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದದ್ದೂ ಆವಾಗಲೇ.

ಹಾಸನದ ಡಾಕ್ಟರಮ್ಮ ಸಣ್ಣ ವಯಸ್ಸಿನವರು. ಅಣ್ಣನ ಜೊತೆ ನಾನೂ ಹೋಗಿದ್ದೆ. ಏನು ತಿನ್ನುತ್ತೀರಿ ಅಂತ ಕೇಳುವ ಬದಲು ಎಷ್ಟು ಹೊತ್ತಿಗೆ ತಿನ್ನುತ್ತೀರಿ ಅಂತ ಕೇಳಿದರು. ನಾವು ಹೇಳಿದ್ದನ್ನೆಲ್ಲ ಬರೆದುಕೊಂಡು, ಆ ಚೀಟಿಯನ್ನು ನಮ್ಮ ಕಡೆಗೆ ತಿರುಗಿಸಿದರು.

"ನೋಡಿ, ಮೈಯೊಳಗೂ ಗಡಿಯಾರ ಇರುತ್ತೆ. ಮಿದುಳಿಗೊಂದು, ಲಿವರಿಗೊಂದು, ಹೃದಯಕ್ಕೊಂದು. ಹಗಲು ಉಣ್ಣೋದಕ್ಕೆ, ರಾತ್ರಿ ರಿಪೇರಿಗೆ. ಬೆಳಿಗ್ಗೆ ತಿಂದ ಅನ್ನವನ್ನು ಸಲೀಸಾಗಿ ಅರಗಿಸೋ ಮೈಗೆ, ಅದೇ ಅನ್ನ ರಾತ್ರಿ ಹತ್ತಕ್ಕೆ ಭಾರ. ಸಕ್ಕರೆ ರಕ್ತದಲ್ಲೇ ನಿಲ್ಲುತ್ತೆ. ಮಲಗಿದಾಗ ಇಳಿಯಬೇಕಾದ ಬೀಪಿ ಸರಿಯಾಗಿ ಇಳಿಯಲ್ಲ, ಹೃದಯಕ್ಕೆ ಬಿಡುವೇ ಸಿಗಲ್ಲ. ಇದೊಂದೇ ಕಾರಣ ಅಂತಲ್ಲ. ವಯಸ್ಸು, ನೀವು ಸೇದಿ ಬಿಟ್ಟ ಬೀಡಿ, ಕೂತು ಮಾಡೋ ಕೆಲಸ, ಎಲ್ಲ ಸೇರಿದೆ. ಆದರೆ ಈಗ ನಿಮ್ಮ ಕೈಯಲ್ಲಿರೋದು ಇದು. ರಾತ್ರಿ ಊಟ ಏಳರ ಒಳಗೆ ಮುಗೀಬೇಕು. ಬೆಳಿಗ್ಗೆ ತಿಂಡಿ ತಪ್ಪಬಾರದು."

ಬಸ್ಸಿನಲ್ಲಿ ವಾಪಸು ಬರುವಾಗ ಅಣ್ಣ ಅದನ್ನು ನಮ್ಮ ಭಾಷೆಗೆ ತಂದುಕೊಂಡರು. "ಲಿವರಿಗೂ ಡ್ಯೂಟಿ ಚಾರ್ಟ್ ಐತಂತಲ್ಲೋ. ಎಂಟಕ್ಕೆ ಅದು ಸೈನ್ ಮಾಡಿ ಮನೇಗೆ ಹೋಗ್ತದೆ. ನಾವು ಹತ್ತಕ್ಕೆ ಬಾಗ್ಲು ಬಡೀತೀವಿ. ಯಾರ್ ತೆಗೀಬೇಕು?" ಮತ್ತೆ ಅಂದರು, "ಇಂಜಿನ್ ಆರಿಸೋ ಹೊತ್ತಿಗೆ ಫುಲ್ ಟ್ಯಾಂಕ್ ಡೀಸೆಲ್ ಹಾಕ್ತಾರೆ ಕಣೋ ನಂಗೆ."

ಮೂರು ತಿಂಗಳಾದ ಮೇಲೆ ಅವರನ್ನು ಮತ್ತೆ ಸ್ಟೇರಿಂಗಿಗೆ ಬಿಟ್ಟರು. ಆದರೆ ಆರು ತಿಂಗಳಿಗೆ ಇನ್ನೊಂದು ತಪಾಸಣೆ ಇತ್ತು. ಸಕ್ಕರೆ ಹತೋಟಿಗೆ ಬಂದಿರದಿದ್ದರೆ ಬಸ್ಸು ಓಡಿಸುವ ಹಾಗಿಲ್ಲ, ಡಿಪೋದಲ್ಲಿ ಹಗುರದ ಕೆಲಸ. ನಿವೃತ್ತಿಗೆ ಎರಡು ವರ್ಷ ಬಾಕಿ. "ಸ್ಟೇರಿಂಗ್ ಬಿಟ್ರೆ ನಾನ್ಯಾರು ಮಾರಾಯ? ಟೈರಿಗೆ ಗಾಳಿ ಹಿಡಿಯೋನು," ಅನ್ನುತ್ತಿದ್ದರು. ಹಗಲಿನ ರೂಟು ಕೇಳಿ ಅಂತ ನಾನು ಹೇಳಿದೆ. ಕೇಳಿದ್ದರೆ ಸಿಗುತ್ತಿತ್ತು. ಅವರು ಕೇಳಲಿಲ್ಲ. ಆ ತಿರುವುಗಳನ್ನು ಬೇರೆ ಯಾರು ಹೊಡೆಯುತ್ತಾರೆ, ಆ ಜನಕ್ಕೆ ಯಾರು ಕಾಯುತ್ತಾರೆ ಅಂದರು.

ಗುಣವಾಗಿ ಬಂದ ಡ್ರೈವರಣ್ಣನಿಗೆ ಊರು ಮಾಡಿದ ಮೊದಲ ಉಪಚಾರ ಏನು ಹೇಳಿ? ಹದಿನಾಲ್ಕು ಮನೆಯಲ್ಲೂ ಸಂತೋಷದ ಊಟ. "ಎಷ್ಟ್ ಇಳಿದೋಗ್ಬುಟ್ಟಿದ್ದೀರ ಡ್ರೈವರಣ್ಣ, ಆಸ್ಪತ್ರೆ ಗಂಜಿ ಕುಡ್ದು," ಅಂತ ಕಣ್ಣೀರು ಹಾಕಿಕೊಂಡು ತುಪ್ಪ ಬಡಿಸಿದರು. ಒಂದು ರಾತ್ರಿ ಅಣ್ಣ ಹೇಗೋ ಧೈರ್ಯ ಮಾಡಿ, ಇವತ್ತು ಬೇಡ, ಹಸಿವಿಲ್ಲ ಅಂದುಬಿಟ್ಟರು. ಮರುದಿನ ಬೆಳಿಗ್ಗೆ ಐದೂವರೆಗೆ ಡೇರಿಯ ಜಗಲಿಯ ಮುಂದೆ ನಾಲ್ಕು ಜನ ಕೈಮುಗಿದು ನಿಂತಿದ್ದರು. "ಏನ್ ತಪ್ಪಾಯ್ತು ಹೇಳ್ಬುಡಿ. ಬಸ್ ನಿಲ್ಸಿಬುಡ್ತೀರಾ?" ಅವರ ಹೆದರಿಕೆ ನಿಜವಾದದ್ದು. ಆ ಬಸ್ಸು ನಿಂತರೆ ಮಕ್ಕಳ ಕಾಲೇಜು ನಿಲ್ಲುತ್ತದೆ, ಬಸುರಿಯರ ಆಸ್ಪತ್ರೆ ನಿಲ್ಲುತ್ತದೆ. ಅಣ್ಣ ಏನು ಮಾಡಿದರು? ಅಷ್ಟು ಹೊತ್ತಿಗೇ ಹಿಂದಿನ ರಾತ್ರಿಯ ಸರದಿ ಮನೆಗೆ ಹೋಗಿ, ರಾತ್ರಿ ಉಳಿದ ಹಂದಿ ಸಾರಿನಲ್ಲಿ ನಾಲ್ಕು ರೊಟ್ಟಿ ತಿಂದು ಬಂದು ಬಸ್ಸು ಎತ್ತಿದರು. ಅತ್ತ ದರಿ, ಇತ್ತ ಪುಲಿ.

ಆಮೇಲೆ ಅವರೇ ಒಂದು ಉಪಾಯ ಕಂಡುಹಿಡಿದರು. ಹೆಂಡತಿ ಕಟ್ಟಿಕೊಟ್ಟ ಮುದ್ದೆ, ಸೊಪ್ಪಿನ ಸಾರನ್ನು ಸಂಜೆ ಆರೂವರೆಗೆ ಸಕಲೇಶಪುರ ನಿಲ್ದಾಣದಲ್ಲಿ, ಡ್ರೈವರ್ ಸೀಟಿನಲ್ಲೇ ಕೂತು, ಕಳ್ಳನ ಹಾಗೆ ಕಿಟಕಿ ಎಳೆದುಕೊಂಡು ತಿನ್ನತೊಡಗಿದರು. ನನಗೆ ಖುಷಿಯಾಯಿತು. ಒಂದು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಮೊದಲಿಗಿಂತ ಜಾಸ್ತಿ. ಯಾಕೆಂದರೆ ಹತ್ತಕ್ಕೆ ಊರಿನಲ್ಲೂ ಉಣ್ಣುತ್ತಿದ್ದರು! ಡಾಕ್ಟರಮ್ಮನಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. "ಬೇಗ ಉಣ್ಣಿ ಅಂದೆ. ಎರಡು ಸಲ ಉಣ್ಣಿ ಅಂದ್ನಾ?" ಅಣ್ಣ ತಲೆ ತಗ್ಗಿಸಿ, "ಒಂದು ನಿಮ್ಗೆ ಮೇಡಂ, ಒಂದು ಊರಿಗೆ," ಅಂದರು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಊಟ ಬಲ್ಲವನಾದರೂ ಬೇಡ ಅನ್ನಲು ಬಾರದವನ ಗತಿಯನ್ನು ಗಾದೆ ಕಟ್ಟಿದವರು ಯೋಚಿಸಿದ ಹಾಗಿಲ್ಲ.

ಕೊನೆಗೆ ನಾನೇ ಅವರನ್ನು ಎಳೆದುಕೊಂಡು ಹಿರಿಯ ಗೌಡರ ಮನೆಗೆ ಹೋದೆ. ಎಲ್ಲವನ್ನೂ ಬಿಡಿಸಿ ಹೇಳಿದೆ. ಎದೆ, ಸಕ್ಕರೆ, ಗಡಿಯಾರ, ತಪಾಸಣೆ. ಗೌಡರು ಅಡಿಕೆ ಉಗಿದು ಬಂದು ಕೂತರು.

"ಜೀವಕ್ಕಿಂತ ಹೆಚ್ಚಾ? ಆಗ್ಲಿ ಬುಡಿ. ನಾಳೆಯಿಂದ ರಾತ್ರಿ ಊಟ ಕಂಡಕ್ಟ್ರಿಗೆ ಮಾತ್ರ, ಡ್ರೈವರಣ್ಣಂಗೆ ಬರೀ ಬಿಸಿನೀರು. ಬೆಳಿಗ್ಗೆ ಹೊರಡೋಕ್ ಮುಂಚೆ ಎರಡು ರೊಟ್ಟಿ ಕಟ್ಟಿಕೊಡೋಣ. ಆದ್ರೆ ಒಂದು ಮಾತು. ಎಲ್ಲಾ ಮನೆಗೂ ಒಂದೇ. ಒಬ್ರ ಮನೇಲಿ ಉಂಡು ಇನ್ನೊಬ್ರ ಮನೇಲಿ ಬ್ಯಾಡ ಅಂದ್ರೆ ಊರು ಒಡೀತದೆ ಕಣ್ರೀ."

ಆಯಿತು ಅಂದೆವು. ಐದು ವಾರ ನಡೆಯಿತು. ಅಣ್ಣ ಅಷ್ಟು ಗೆಲುವಾಗಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ. ಒಂದು ಬೆಳಿಗ್ಗೆ ನನ್ನನ್ನು ಅಲ್ಲಾಡಿಸಿ ಎಬ್ಬಿಸಿ, ಏನೋ ನಿಧಿ ಸಿಕ್ಕವರಂತೆ ಹೇಳಿದರು. "ಎದ್ದೇಳೋ, ಬೆಳಿಗ್ಗೆ ಹೊತ್ತು ಹಸಿವಾಗ್ತೈತೆ ಕಣೋ ನಂಗೆ! ಯಾವ್ ಕಾಲ ಆಗಿತ್ತೋ!" ರಕ್ತ ಪರೀಕ್ಷೆಯ ಚೀಟಿಯಲ್ಲಿ ಸಕ್ಕರೆ ಇಳಿಯುತ್ತಿತ್ತು. ತಪಾಸಣೆಗೆ ಎರಡು ತಿಂಗಳಿತ್ತು. ಪಾಸಾಗುತ್ತಾರೆ ಅಂತ ನಾನು ನಂಬಿದ್ದೆ.

ಈಗ ನನ್ನ ತಪ್ಪನ್ನು ಹೇಳಬೇಕು. ಆ ನರ್ಸಿಂಗ್ ಹುಡುಗಿಯ ತಾಯಿ ಬಹಳ ಹಿಂದೆಯೇ ಬಸ್ಸಿನಲ್ಲಿ ನನ್ನ ಹತ್ತಿರ ಬಂದು ಕೇಳಿದ್ದಳು. "ಕಂಡಕ್ಟ್ರೇ, ನಮ್ ಮನೇಗೂ ಒಂದ್ ಸರದಿ ಕೊಡ್ಸಿ. ನಮ್ ಹುಡುಗೀಗೆ ದಿನಾ ಕಾದೋರು ಅವ್ರು. ಒಂದ್ ದಿನ ನಮ್ ಕೈಯೂಟ ಉಣ್ಲಿ." ಲೈನಿನ ಮನೆಯಲ್ಲಿ ಊರವರು ನೀರು ಕೂಡ ಮುಟ್ಟುತ್ತಿರಲಿಲ್ಲ. ಸರದಿಯ ಹದಿನಾಲ್ಕು ಮನೆಯಲ್ಲಿ ಲೈನಿನದು ಒಂದೂ ಇರಲಿಲ್ಲ. ಈ ಮಾತನ್ನು ಗೌಡರ ಮುಂದೆ ಎತ್ತುವ ಧೈರ್ಯ ನನಗಿರಲಿಲ್ಲ. ನೋಡೋಣ ಅಕ್ಕ, ನೋಡೋಣ ಅಂತ ಟಿಕೆಟ್ಟು ಹರಿದುಕೊಡುತ್ತಿದ್ದೆ. ಊಟ ನಿಂತ ಸುದ್ದಿಯನ್ನಾದರೂ ಅವಳಿಗೆ ಹೇಳಬಹುದಿತ್ತು, ಹೇಳಲಿಲ್ಲ. ಊರಿನ ತೀರ್ಮಾನಗಳನ್ನು ಲೈನಿಗೆ ಹೋಗಿ ಹೇಳುವ ಪದ್ಧತಿ ಯಾರಿಗೂ ಇರಲಿಲ್ಲ.

ಒಂದು ರಾತ್ರಿ ಬಸ್ಸಿನಿಂದ ಇಳಿದರೆ ಅವಳು ಟಾರ್ಚು ಹಿಡಿದು ನಿಂತಿದ್ದಾಳೆ. ಒಗೆದ ಸೀರೆ, ಹೂವು. ಹಿಂದೆ ಲೈನಿನ ಏಳೆಂಟು ಜನ. ಮಗಳಿಗೆ ಹಾಸನದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ. ಸಾಕಿದ ಹುಂಜ ಕೊಯ್ದಿದ್ದಾಳೆ. "ಸರದಿ ಕೊಡ್ದೆ ಇದ್ರೆ ಬುಡ್ಲಿ ಅಣ್ಣ, ನಾನೇ ಕರ್ಯಾಕ್ ಬಂದೆ. ಬರ್ತೀರಲ್ಲ?"

ಅಣ್ಣ ನನ್ನ ಮುಖ ನೋಡಿದರು. ಸಂಜೆ ಆರೂವರೆಗೆ ತಿಂದ ಮುದ್ದೆ ಹೊಟ್ಟೆಯಲ್ಲಿತ್ತು. ಐದು ವಾರದ ಚೀಟಿಗಳು ಜೇಬಿನಲ್ಲಿದ್ದವು. ನಾನು ಆಗಲಾದರೂ ಬಾಯಿ ಬಿಡಬೇಕಿತ್ತು. ಡಾಕ್ಟರು ಹೇಳಿದ್ದಾರೆ, ಗೌಡರ ಮನೆಯಲ್ಲೂ ಉಣ್ಣುತ್ತಿಲ್ಲ ಅಂತ ಹೇಳಬೇಕಿತ್ತು. ಅಷ್ಟು ಜನ ಅಣ್ಣನ ತುಟಿಯನ್ನೇ ನೋಡುತ್ತಾ ನಿಂತಿದ್ದರು. ಲೈನಿನವರಿಗೆ ಊರಿನಿಂದ ಬೇಡ ಅನ್ನಿಸಿಕೊಂಡೇ ಅಭ್ಯಾಸ ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

"ಹಸಿವು ಅಂದ್ರೆ ಹಸಿವು ಕಣವ್ವ, ನಡಿ," ಅಂದರು ಅಣ್ಣ.

ಆರು ಕಡುಬು ತಿಂದರು. ತಟ್ಟೆಗೆ ಕೈ ಅಡ್ಡ ಹಿಡಿಯಲಿಲ್ಲ. ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡರು. ಡೇರಿಯ ಜಗಲಿಗೆ ವಾಪಸು ಬಂದ ಮೇಲೆ ನಾನು ಅಳುವ ದನಿಯಲ್ಲಿ ತಪ್ಪಾಯ್ತಣ್ಣ ಅಂದೆ. "ಸುಮ್ನಿರೋ. ಅಲ್ಲಿ ಬ್ಯಾಡ ಅಂದಿದ್ರೆ ನಂಗೆ ಇವತ್ತು ನಿದ್ದೆ ಬರ್ತಿತ್ತಾ?" ಅಂದು ಮಗ್ಗುಲಾದರು. ಆದರೂ ಬಹಳ ಹೊತ್ತು ಹೊರಳಾಡುತ್ತಲೇ ಇದ್ದರು.

ಮುಂದಿನದು ನೀವೇ ಊಹಿಸಬಹುದು. ಬೆಳಗಾಗುವುದರೊಳಗೆ ಸುದ್ದಿ ಹದಿನಾಲ್ಕು ಮನೆಗೂ ಮುಟ್ಟಿತ್ತು. ಗೌಡರೇ ಬಸ್ಸಿನ ಬಾಗಿಲಿಗೆ ಬಂದರು. "ಲೈನಲ್ಲಿ ಉಂಡ್ರಂತೆ. ಉಣ್ಣಿ, ನಾವ್ ಬ್ಯಾಡ ಅನ್ನಲ್ಲ. ಹಂಗಾದ್ರೆ ನಮ್ ಮನೆ ಊಟ ಯಾಕ್ ವಿಷ ಆಯ್ತು?" ಮಾರನೆಯ ರಾತ್ರಿಯಿಂದ ಮತ್ತೆ ಸರದಿ. ಒಂದು ಬದಲಾವಣೆಯಾಯಿತು. ಅಣ್ಣನೇ ಹಟ ಹಿಡಿದು ಲೈನಿನ ಆ ಮನೆಯನ್ನೂ ಸರದಿಗೆ ಸೇರಿಸಿದರು. ಅವರು ಆ ಊರಿನಲ್ಲಿ ಹಟ ಹಿಡಿದದ್ದು ಅದೊಂದಕ್ಕೇ. ಹದಿನೈದನೆಯ ಮನೆಯಾಯಿತು, ಉಣ್ಣುವ ಹೊಟ್ಟೆ ಮಾತ್ರ ಅದೇ.

ತಪಾಸಣೆಯಲ್ಲಿ ಫೇಲಾದರು. ಡಿಪೋದಲ್ಲಿ ಕೂರಿಸಿದರು. ಹೋಗಿ ನೋಡಿದಾಗಲೆಲ್ಲ ಯಾವುದಾದರೂ ನಿಂತ ಬಸ್ಸಿನ ಸೀಟಿನಲ್ಲಿರುತ್ತಿದ್ದರು. ಈಗ ಮನೆಯಲ್ಲಿ ಏಳಕ್ಕೇ ತಟ್ಟೆ ಸಿಗುತ್ತದಲ್ಲ ಅಂತ ಸಮಾಧಾನಕ್ಕೆ ಕೇಳಿದೆ. "ತಟ್ಟೆ ಏಳಕ್ಕೆ ಬರ್ತದೆ ಮಾರಾಯ. ಹಸಿವು ಹತ್ತಕ್ಕೆ ಬರ್ತದೆ," ಅಂದರು. ಮನೆಯವರೆಲ್ಲ ಮಲಗಿದ ಮೇಲೆ ಎದ್ದು ಅನ್ನದ ಪಾತ್ರೆ ಹುಡುಕುತ್ತಿದ್ದರಂತೆ, ಅವರ ಹೆಂಡತಿ ಆಮೇಲೆ ಹೇಳಿದರು. ಎಂಟು ತಿಂಗಳು ಹಾಗೆ ಕಳೆದರು.

ಮಣ್ಣು ಮಾಡಿ ಬಂದ ಮೂರನೆಯ ದಿನ ಹೊಸ ಡ್ರೈವರ್ ಜೊತೆ ಅದೇ ಬಸ್ಸಿನಲ್ಲಿ ಆ ಊರಿಗೆ ಹೋದೆ. ಸರದಿ ಲೈನಿನ ಮನೆಯದು. ಹೊಸ ಡ್ರೈವರ್ ಬೇಗ ಬೇಗ ಉಂಡು ಫೋನು ಹಿಡಿದು ಹೊರಗೆ ಹೋದ. ಆ ನರ್ಸಿಂಗ್ ಹುಡುಗಿಯ ತಾಯಿ ನನಗೆ ಬಡಿಸದೆ ಒಲೆಯ ಮುಂದೆಯೇ ಕೂತಿದ್ದಳು.

"ಕಂಡಕ್ಟ್ರೇ, ಊರೋರು ಅಂತಾವ್ರೆ. ನನ್ ಊಟದಿಂದ್ಲೇ ಅವ್ರ ಪಥ್ಯ ಮುರೀತು, ಅದಕ್ಕೇ ಹೋಗ್ಬುಟ್ರು ಅಂತ. ಹೌದಾ?"

"ಅಲ್ಲ ಅಕ್ಕ. ಅದು ಹನ್ನೊಂದು ವರ್ಷದ ಊಟ, ಒಂದ್ ದಿನದ್ದಲ್ಲ. ತಪ್ಪು ಅಂದ್ರೆ ನಂದು. ನಿಂಗೆ ಮೊದ್ಲೇ ಹೇಳಬೇಕಿತ್ತು."

"ಅವತ್ತು ಅವ್ರೇ ಬ್ಯಾಡ ಅಂದಿದ್ರೆ ಆಗ್ತಿತ್ತಲ್ಲ?"

"ಅಂದಿದ್ರೆ ನೀನೇನ್ ಅನ್ಕೊಂತಿದ್ದೆ?"

ಅವಳು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಸುಳ್ಳು ಹೇಳಿ ನನ್ನನ್ನು ಸಮಾಧಾನ ಮಾಡಬಹುದಿತ್ತು. ಹಾಗೆ ಮಾಡಲಿಲ್ಲ.

"ಡಾಕ್ಟ್ರು, ಸಕ್ರೆ ಕಾಯ್ಲೆ ಅಂತ ನೀವ್ ನೂರ್ ಹೇಳಿದ್ರೂ, ನಮ್ ಮನೇದು ಅಂತಾನೇ ಬ್ಯಾಡ ಅಂದ್ರು ಅನ್ಕೊಂತಿದ್ದೆ. ಸಾಯೋಗಂಟ ಅನ್ಕೊಂತಿದ್ದೆ."

ಎದ್ದು ತಟ್ಟೆ ತಂದು ನನ್ನ ಮುಂದಿಟ್ಟಳು. ಹೋದ ವರ್ಷದಿಂದ ನನಗೂ ಸಕ್ಕರೆ ಇದೆ, ಅದು ಅವಳಿಗೆ ಗೊತ್ತಿಲ್ಲ. ಗಂಟೆ ಹತ್ತೂಕಾಲು. ಎಷ್ಟು ಕಡುಬು ಹಾಕಲಿ ಅಂದಳು. ಎರಡು ಸಾಕು ಅಂದೆ. ನಾಲ್ಕು ಹಾಕಿದಳು. ತಿಂದೆ.